ಬೂದಿದಿಬ್ಬದ ಪ್ರಬಂಧ ಮತ್ತು ನಿನ್ನ ದಿಗಿಲು

ಚಿ. ಶಾರದೆಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವೆಲ್ಲ ನಿಮ್ಮಪ್ಪನಿಂದ ತಿಳಿದೇ ಇರುತ್ತದೆ. ಆದರೆ ನಿನ್ನ ಪತ್ರದ ಕೊನೆಯಲ್ಲಿದ್ದ ಒಂದು ಮಾತು ಎರಡು ದಿನದಿಂದ ನನ್ನನ್ನು ಬಿಡುತ್ತಿಲ್ಲ. ಬೂದಿದಿಬ್ಬಗಳ, ಅಂದರೆ ಆ ಪ್ರಾಚೀನ ಬೂದಿಯ ಗುಡ್ಡೆಗಳ ಬಗ್ಗೆ ನಿನ್ನ ಪ್ರಬಂಧದಲ್ಲಿ ನೀನು ಹೇಳಹೊರಟಿರುವುದನ್ನು ನಾಳೆ ಯಾರಾದರೂ ತಪ್ಪೆಂದು ತೋರಿಸಿದರೆ, ಇಷ್ಟು ವರ್ಷಗಳ ದುಡಿಮೆ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುತ್ತದೆ ಎಂದು ಬರೆದಿದ್ದೀಯೆ.

ಆ ದಿಬ್ಬಗಳ ವಿಷಯದಲ್ಲಿ ತಪ್ಪೆನಿಸಿಕೊಳ್ಳದವರು ಯಾರಿದ್ದಾರೆ ಎಂದು ಯೋಚಿಸುತ್ತಿದ್ದೆ. ಬಳ್ಳಾರಿ ಸೀಮೆಯ ದಿಬ್ಬಗಳನ್ನು ನೋಡಿದವರಲ್ಲಿ ಕೆಲವರು ಲೋಹ ಕರಗಿಸಿದ ಕಿಟ್ಟವೆಂದರು, ಕೆಲವರು ಸಾಮೂಹಿಕ ಚಿತೆಗಳ ಶೇಷವೆಂದರು. ನವಶಿಲಾಯುಗದ ಜನರ ದನಗಳ ಸಗಣಿ ಸುಟ್ಟು ಉಳಿದದ್ದು ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಹೇಳಿದ ಮೇಲೂ ವಾದ ನಿಲ್ಲಲಿಲ್ಲ. ವಿಜ್ಞಾನಿ ಝಾಯ್ನರ್ ಅವರು ಬಳ್ಳಾರಿ ಹತ್ತಿರದ ಕುಡತಿನಿಯ ಬೂದಿಯನ್ನು ಪರೀಕ್ಷಿಸಿ ಅದು ಸಗಣಿಯದೇ ಎಂದು ಖಚಿತಪಡಿಸಿದ್ದು 1960ರ ಹೊತ್ತಿಗೆ. ಫೂಟ್ ತೀರಿಕೊಂಡದ್ದು 1912ರಲ್ಲಿ.

ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ನಮ್ಮಜ್ಜಿ ವಾಲಿಯ ಚಿತೆಯ ಬೂದಿ ಎನ್ನುತ್ತಿದ್ದಳು. ಕಾಲೇಜು ಸೇರಿದ ಹುಮ್ಮಸ್ಸಿನಲ್ಲಿದ್ದ ನಾನು ನೆಂಟರೆದುರು ನಕ್ಕುಬಿಟ್ಟೆ. ಆಮೇಲೆ ಅವಳು ನನ್ನ ಮುಂದೆ ಅಂಥ ಕಥೆಗಳನ್ನು ಎತ್ತಲೇ ಇಲ್ಲ. ಕಿಟ್ಟವೆಂದ ಪಂಡಿತರಿಗಿಂತ, ಬೂದಿಯೆಂಬುದನ್ನಾದರೂ ಬಲ್ಲ ಅವಳೇ ನಿಜಕ್ಕೆ ಹತ್ತಿರವಿದ್ದಳು. ಹಿಂದಿನವರು ಏನು ಹೇಳುತ್ತಿದ್ದರು ಎಂದು ನೀನು ಈಗ ಕೇಳಿರುವಾಗ ಕೊಡಲು ನನ್ನಲ್ಲಿ ಈ ಒಂದು ಸಾಲಿನ ಹೊರತು ಏನೂ ಇಲ್ಲ.

ಮತ್ತೆ ನಿನ್ನ ದಿಗಿಲಿಗೇ ಬರುತ್ತೇನೆ. ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅವರು ತೆಲಂಗಾಣದ ಉಟ್ನೂರಿನ ಬೂದಿದಿಬ್ಬವನ್ನು ಅಗೆದಾಗ ಮರದ ಕಂಬಗಳ ದೊಡ್ಡಿಯ ಕುರುಹುಗಳೂ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ದೊಡ್ಡಿಯಲ್ಲಿ ಶೇಖರವಾದ ಸಗಣಿಯನ್ನು ಹಬ್ಬದ ಬೆಂಕಿಯಂತೆ ಮತ್ತೆ ಮತ್ತೆ ಸುಡುತ್ತಿದ್ದರೆಂದು ಅವರು ಊಹಿಸಿದರು. ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದ ಪುರಾತತ್ವಜ್ಞ ಪದ್ದಯ್ಯನವರಿಗೆ ಬೂದಿಯ ಪಕ್ಕದಲ್ಲೇ ಮನೆಗಳ ನೆಲೆ ಕಂಡಿತು. ಇವು ಊರಾಚೆಯ ಬರಿಯ ದೊಡ್ಡಿಗಳಲ್ಲ, ಜನ ನೆಲೆಸಿದ್ದ ಊರುಗಳೇ ಎಂದು ಅವರು ವಾದಿಸಿದರು. 2004ರಲ್ಲಿ ಜೊಹಾನ್ಸೆನ್ ಎಂಬ ಇನ್ನೊಬ್ಬ ಪುರಾತತ್ವಜ್ಞರು, ಇವು ಬೇಕೆಂದೇ ಎತ್ತರಿಸಿದ ಸ್ಮಾರಕಗಳು ಎಂಬ ಇನ್ನೊಂದು ವಿಚಾರ ಮುಂದಿಟ್ಟರು. ಹೀಗೆ ಅರ್ಥ ಬದಲಾಗುತ್ತ ಬಂದರೂ ಉಟ್ನೂರಿನ ಆ ಗೊರಸಿನ ಗುರುತುಗಳನ್ನು ಬಿಟ್ಟು ಇಂದಿಗೂ ಯಾರೂ ವಾದ ಹೂಡುವಂತಿಲ್ಲ. ನಿನ್ನ ಹೆದರಿಕೆ ನೀನು ಕಂಡದ್ದರ ಬಗ್ಗೆಯೋ, ಅದಕ್ಕೆ ಹಚ್ಚಿದ ಅರ್ಥದ ಬಗ್ಗೆಯೋ? ನಿನ್ನ ಪತ್ರದಲ್ಲಿ ಎರಡೂ ಕಲಸಿಹೋಗಿವೆ.

ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದವನು ಸಂಶೋಧನೆ ಮಾಡುವವಳಿಗೆ ಬುದ್ಧಿ ಹೇಳುವುದು ಅಧಿಕಪ್ರಸಂಗವಾದೀತು. ಆದರೂ, ಯಾವ ಪದರದಲ್ಲಿ ಏನಿತ್ತು ಎಂಬುದನ್ನು ನಿನ್ನ ಊಹೆಯಿಂದ ಬೇರ್ಪಡಿಸಿ ಬರೆದಿಡು. ತಂದ ಮಣ್ಣಿನಲ್ಲಿ ಒಂದಿಷ್ಟನ್ನು ಮುಟ್ಟದೆ ಉಳಿಸಲು ಸಾಧ್ಯವೇ? ಗೊಬ್ಬರಕ್ಕೆಂದು ಜನ ಬೂದಿ ತೋಡಿಕೊಂಡು ಹೋಗಿರುವ ದಿಬ್ಬಗಳಲ್ಲಿ ನೀನು ಕಂಡ ಪದರ ಮುಂದೆ ಬರುವವರಿಗೆ ಕಾಣುವುದೇ ಇಲ್ಲ. ಆಗ ನಿನ್ನನ್ನು ತಪ್ಪೆಂದು ತೋರಿಸಬೇಕಾದರೂ ಅವರು ನಿನ್ನ ಟಿಪ್ಪಣಿಯನ್ನೇ ತೆರೆಯಬೇಕು. ನಿನ್ನ ಅನುಮಾನಗಳನ್ನು ಅಡಿಟಿಪ್ಪಣಿಗೆ ತಳ್ಳದೆ ಪ್ರಬಂಧದ ಒಳಗೇ ಬರೆದರೆ ಒಳ್ಳೆಯದೆಂದು ನನಗನ್ನಿಸುತ್ತದೆ, ಆದರೆ ನಿನ್ನ ಗೈಡ್ ಬೇಡವೆಂದರೆ ಅವರ ಮಾತನ್ನೇ ಕೇಳು.

ಇಂತಿ,
ನಿನ್ನ ದೊಡ್ಡಪ್ಪ