ಫ್ಲೈಯರ್ ಆದ ತಂಗಿಗೆ

ಪ್ರೀತಿಯ ಪುಟ್ಟಿ,

ಚಿಯರ್‌ಲೀಡಿಂಗ್ ತಂಡದಲ್ಲಿ ನಿನ್ನನ್ನು ಫ್ಲೈಯರ್, ಅಂದರೆ ಉಳಿದವರು ಮೇಲಕ್ಕೆತ್ತುವ ಹುಡುಗಿ, ಮಾಡಿದ್ದಾರೆ ಅಂತ ಅಮ್ಮನಿಂದ ಗೊತ್ತಾಯಿತು, ತುಂಬಾ ಖುಷಿಯಾಯಿತು. ಹೊಸ ಸ್ಟಂಟ್‌ಗೆ ಏನೇನು ಅಭ್ಯಾಸ ಮಾಡಬೇಕು ಅಂತ ಕೇಳಿದ್ದೀಯಲ್ಲ, ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ. ಅದಕ್ಕೇ ಈ ಪತ್ರ.

ಮೊದಲು ಇದನ್ನು ತಲೆಯಲ್ಲಿಟ್ಟುಕೋ: ಮೇಲೆ ನಿಂತಾಗ ಬ್ಯಾಲೆನ್ಸ್ ಮಾಡುವುದು ನಿನ್ನ ಕೆಲಸವಲ್ಲ. ಅದನ್ನು ಕೆಳಗೆ ನಿನ್ನ ಪಾದ ಹಿಡಿಯುವ ಇಬ್ಬರು ಬೇಸ್‌ಗಳೂ ಹಿಂದೆ ನಿಂತು ಆಸರೆ ಕೊಡುವ ಬ್ಯಾಕ್ ಸ್ಪಾಟೂ ನೋಡಿಕೊಳ್ಳುತ್ತಾರೆ. ನೀನು ಕಂಬದ ಹಾಗೆ ಬಿಗಿಯಾಗಿರಬೇಕು, ಅಷ್ಟೆ. ವಾಲಿದೆ ಅನ್ನಿಸಿ ನೀನೇ ಸೊಂಟ ತಿರುಗಿಸಿ, ಕೈ ಬೀಸಲು ಹೋದರೆ, ಅವರು ಒಂದು ಕಡೆ ಸರಿಮಾಡುವಷ್ಟರಲ್ಲಿ ನಿನ್ನ ಭಾರ ಇನ್ನೊಂದು ಕಡೆ ಹೋಗಿರುತ್ತೆ. ಕೆಳಗೆ ನೋಡಿದರೂ ಹೀಗೇ, ತಲೆ ಬಾಗಿದ ಕಡೆಗೆ ಎದೆಯೂ ಬಾಗುತ್ತೆ.

ಬಿಗಿ ಬರಲು ಬೆನ್ನ ಮೇಲೆ ಮಲಗಿ, ಸೊಂಟದ ಹಿಂಭಾಗವನ್ನು ಮ್ಯಾಟ್‌ಗೆ ಒತ್ತಿ, ಭುಜ ಮತ್ತು ಕಾಲು ಸ್ವಲ್ಪ ಎತ್ತಿ ಹಿಡಿ. 20 ಸೆಕೆಂಡ್, ಮೂರು ಸಲ ಸಾಕು. ಬೆನ್ನು ಮ್ಯಾಟ್ ಬಿಟ್ಟು ಮೇಲೆದ್ದರೆ ಕಾಲನ್ನು ಇನ್ನಷ್ಟು ಎತ್ತರಿಸು, ಸುಲಭವಾಗುತ್ತೆ. ಆಮೇಲೆ ನೇರವಾಗಿ ಮಲಗಿಕೋ, ಯಾರಾದರೂ ನಿನ್ನ ಹಿಮ್ಮಡಿ ಹಿಡಿದು ಒಂದಡಿ ಎತ್ತಲಿ. ಕಾಲಿನ ಜೊತೆಗೇ ಸೊಂಟವೂ ಏಳಬೇಕು. ಸೊಂಟ ನೆಲದಲ್ಲೇ ಉಳಿದರೆ ಬಿಗಿ ಸಾಲದು ಅಂತ ಅರ್ಥ.

ಪ್ರೆಪ್, ಅಂದರೆ ಬೇಸ್‌ಗಳು ನಿನ್ನ ಪಾದವನ್ನು ತಮ್ಮ ಭುಜದ ಮಟ್ಟದಲ್ಲಿ ಹಿಡಿಯುವ ಸ್ಟಂಟ್, ಹಾಳಾಗುವುದು ಹೆಚ್ಚಾಗಿ ಹತ್ತುವಾಗಲೇ. ಬೇಸ್‌ಗಳ ಭುಜದ ಮೇಲೆ ಕೈಯೂರಿ ಹಾರು, ಮಂಡಿಯನ್ನು ಎದೆಗೆ ತಂದು ಪಾದವನ್ನು ಅವರ ಕೈಯಲ್ಲಿಡು. ಭಾರ ಪೂರ್ತಿ ನಿನ್ನ ತೋಳಿನ ಮೇಲೆ, ಸೊಂಟ ಮೇಲಕ್ಕೆ. ಇಷ್ಟನ್ನೇ ಮಾಡಿ, ಎರಡು ಎಣಿಕೆ ನಿಂತು, ಕೆಳಗಿಳಿ. ಎಂಟ್ಹತ್ತು ಸಲ ಹೀಗೇ ಮಾಡು, ಎದ್ದು ನಿಲ್ಲಲೇಬೇಡ. ಪೃಷ್ಠ ಹಿಮ್ಮಡಿಗಿಂತ ಕೆಳಗೆ ಜಾರಿದರೆ ಬೇಸ್‌ಗಳು ಬೆನ್ನು ಬಗ್ಗಿಸಿ ಎಳೆಯಬೇಕಾಗುತ್ತೆ. ಏಳುವಾಗಲೂ ಆತುರ ಬೇಡ. ಅವರು ಕಾಲಿನಿಂದ ಮೇಲಕ್ಕೆ ದೂಡುವ ಮೊದಲೇ ನೀನು ಎದ್ದರೆ ಅವರ ಕೈಯನ್ನು ಕೆಳಕ್ಕೆ ಒತ್ತಿದಂತಾಗುತ್ತೆ.

ಮೇಲೆ ಹೋದಮೇಲೆ ಪಾದಗಳು ದೂರ ಸರಿದರೆ ಬೇಸ್‌ಗಳೂ ದೂರ ಸರಿಯುತ್ತಾರೆ. ಇದಕ್ಕೆ ಮನೆಯಲ್ಲೇ ಸಾಕ್ಸ್ ಹಾಕಿಕೊಂಡು ನುಣುಪು ನೆಲದ ಮೇಲೆ ಭುಜದಷ್ಟು ಅಗಲ ನಿಲ್ಲು. ಮಂಡಿ ಮಡಿಸದೆ, ಪಾದ ಎತ್ತದೆ, ಒಳತೊಡೆಯಿಂದ ಎರಡೂ ಕಾಲನ್ನು ಹತ್ತಿರ ಎಳೆ. ಆ ಹಿಡಿತವೇ ಮೇಲೂ ಇರಬೇಕು.

ಲಿಬರ್ಟಿಗೆ, ಅಂದರೆ ಮೇಲೆ ಒಂದೇ ಕಾಲಿನಲ್ಲಿ ನಿಲ್ಲುವ ಸ್ಟಂಟ್‌ಗೆ, ಮೊದಲು ಗಟ್ಟಿಯಾದ ತಗ್ಗು ಮೆಟ್ಟಿಲು ಸಾಕು. ಒಂದು ಕಾಲು ಮೇಲಿಟ್ಟು, ಇನ್ನೊಂದರಿಂದ ನೆಲ ತಳ್ಳಿ ಏಳು, ತಕ್ಷಣ ಮಂಡಿ ಲಾಕ್ ಮಾಡು. ಎತ್ತಿದ ಪಾದ ನಿಂತ ಕಾಲಿನ ಮಂಡಿಯ ಪಕ್ಕಕ್ಕೆ ಬರಲಿ, ಎಂಟು ಎಣಿಕೆ ಅಲುಗಾಡಬೇಡ. ಕನ್ನಡಿಯಲ್ಲಿ ಸೊಂಟ ನೋಡಿಕೋ. ನಿಂತ ಕಾಲಿನ ಕಡೆ ಅದು ಹೊರಕ್ಕೆ ಜಾರಿದರೆ ಮೇಲೆ ಪಾದ ಮಗುಚುತ್ತೆ, ಬೇಸ್‌ಗಳ ಮಣಿಕಟ್ಟು ತಿರುಚುತ್ತೆ. ಇನ್ನೊಂದು ಕಾಲನ್ನು ಕೈಯಲ್ಲಿ ಹಿಡಿದು ನೇರ ಮೇಲಕ್ಕೆತ್ತುವ ಹೀಲ್ ಸ್ಟ್ರೆಚ್‌ನಲ್ಲೂ ಕಾಲನ್ನೇ ನಿನ್ನ ಕಡೆ ಎಳೆದುಕೋ, ನೀನು ಕಾಲಿನ ಕಡೆ ವಾಲಬೇಡ.

ಎಲ್ಲಕ್ಕಿಂತ ಮುಖ್ಯ ಕ್ರೇಡಲ್, ಅಂದರೆ ನಿನ್ನನ್ನು ಮೇಲಕ್ಕೆಸೆದು ತೋಳುಗಳಲ್ಲಿ ಹಿಡಿದು ಇಳಿಸುವುದು. ಎಸೆದಾಗ ತುದಿಯವರೆಗೂ ನೇರವಾಗಿ ಹೋಗು, ಅಲ್ಲಿಂದ ಇಳಿಯಲು ಶುರುವಾದಾಗ ಕಾಲು ಮುಂದಕ್ಕೆತ್ತಿ, ಕೈ ಅಗಲಿಸಿ ಬೇಸ್‌ಗಳ ಭುಜ ಬಳಸು. ಬೇಗ ಮಡಚಿದರೆ ಎತ್ತರ ಸಿಗುವುದಿಲ್ಲ. ಅತಿಯಾಗಿ ಮಡಚಿದರೆ ಪೃಷ್ಠ ಅವರ ತೋಳುಗಳ ನಡುವೆ ತೂರಿ ಬೀಳುತ್ತೆ. ಬೀಳುತ್ತೇನೆ ಅನ್ನಿಸಿದರೂ ಕೈಯನ್ನು ಹಿಂದಕ್ಕೆ ಊರಬೇಡ ಪುಟ್ಟಿ, ಮಣಿಕಟ್ಟು, ಮೊಣಕೈ ಮುರಿಯುವುದು ಹಾಗೇ. ಮೈ ಬಿಗಿ ಹಿಡಿ, ಅವರು ಹಿಡಿಯುತ್ತಾರೆ.

ಪ್ರೆಪ್ ಸತತವಾಗಿ ಸರಿ ಬಂದು, ಇಳಿಯುವುದೂ ಶುದ್ಧವಾಗುವವರೆಗೆ ಎಕ್ಸ್‌ಟೆನ್ಶನ್, ಅಂದರೆ ಬೇಸ್‌ಗಳು ಕೈಯನ್ನು ಪೂರ್ತಿ ಮೇಲೆತ್ತಿ ಹಿಡಿಯುವ ಸ್ಟಂಟ್, ಕೇಳಬೇಡ. ಮ್ಯಾಟ್ ಇಲ್ಲದೆ, ಕೋಚ್ ಇಲ್ಲದೆ, ಸುಸ್ತಾಗಿರುವಾಗ ಹತ್ತಲೇಬೇಡ. ಓಲೆ, ಬಳೆ ತೆಗೆದಿಡು, ಉಗುರು ಕತ್ತರಿಸು.

ಇದೂ ಒಂದು ಆಟವಾ ಅಂತ ಅಪ್ಪ ಕೇಳಿದರೆ, ಚಿಯರ್‌ನ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಒಲಿಂಪಿಕ್ ಸಮಿತಿ 2021ರಲ್ಲಿ ಪೂರ್ಣ ಮಾನ್ಯತೆ ಕೊಟ್ಟಿದೆ ಅಂತ ಹೇಳು.

ಹತ್ತುವ ಅಭ್ಯಾಸದ ವಿಡಿಯೊ ಕಳಿಸು. ಪಕ್ಕದಿಂದ ತೆಗೆಸು, ಎದುರಿನಿಂದ ಬೇಡ, ಸೊಂಟ ಎಲ್ಲಿರುತ್ತೆ ಅಂತ ನಾನು ನೋಡಬೇಕು.

ಇಂತಿ ನಿನ್ನ,
ಅಕ್ಕ