ವೈನ್ ಬಂತು, ಊಟ ಎಲ್ಲಿ?

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಸ್ಪೇನಿನ ರಿಯೋಹಾ ಪ್ರದೇಶದ ಕೆಂಪು ವೈನ್ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಆದರೆ ಮುಕ್ಕಾಲು ಪುಟದ ಬರಹದಲ್ಲಿ ಊಟದ ಮಾತೇ ಇರಲಿಲ್ಲ. ಕೆಲಸದ ಮೇಲೆ ಎರಡು ವರ್ಷ ಆ ಪ್ರದೇಶದ ರಾಜಧಾನಿ ಲೊಗ್ರೋನ್ಯೊ ಊರಲ್ಲಿ ಇದ್ದವನು ನಾನು, ಅಲ್ಲಿ ಈ ವೈನನ್ನು ಬರೀ ಗ್ಲಾಸ್ ಹಿಡಿದು ಕೂತು ಕುಡಿದವರನ್ನು ನೋಡಿದ್ದೇ ಕಡಿಮೆ. ಹಾಗಾಗಿ ಬರೆಯದೆ ಇರಲು ಆಗಲಿಲ್ಲ.

ಮೊದಲು ಒಂದು ಮಾತು. ಬರಹ ಓದಿದರೆ ರಿಯೋಹಾ ಅಂದರೆ ಟೆಂಪ್ರನಿಯೊ ದ್ರಾಕ್ಷಿ ಒಂದೇ ಅನಿಸುತ್ತದೆ. ಅದೇ ಮುಖ್ಯ, ನಿಜ. ಸ್ಪ್ಯಾನಿಷ್‌ನಲ್ಲಿ ಟೆಂಪ್ರಾನೊ ಅಂದರೆ ಬೇಗ, ಈ ಹಣ್ಣು ಬೇಗ ಮಾಗುತ್ತದೆ, ಅದಕ್ಕೇ ಆ ಹೆಸರು. ಆದರೆ ಹಳೆಯ ಪದ್ಧತಿಯಲ್ಲಿ ಗಾರ್ನಾಚಾ, ಗ್ರಾಸಿಯಾನೊ, ಮಾಸುವೆಲೊ ಅನ್ನುವ ದ್ರಾಕ್ಷಿಗಳೂ ಸೇರುತ್ತವೆ. ಗಾರ್ನಾಚಾದಿಂದ ವೈನ್ ಮೈತುಂಬಿಕೊಳ್ಳುತ್ತದೆ. ಗ್ರಾಸಿಯಾನೊ ಹಾಕುವುದು ಸ್ವಲ್ಪವೇ, ನಾವು ಸಾರಿನ ಪುಡಿಗೆ ಮೆಂತ್ಯ ಹಾಕುತ್ತೇವಲ್ಲ, ಅಷ್ಟು. ಆದರೆ ಹುಳಿ, ಬಣ್ಣ, ಪರಿಮಳ ಮೂರಕ್ಕೂ ಅದು ಬೇಕು.

ಈಗ ಊಟಕ್ಕೆ ಬರುತ್ತೇನೆ. ಅಲ್ಲಿನ ಮನೆ ಮನೆಯ ಅಡುಗೆ ಅಂದರೆ ಆಲೂಗಡ್ಡೆ ಮತ್ತು ಚೊರಿಸೊ (ಮಸಾಲೆ ಹಾಕಿದ ಹಂದಿಮಾಂಸದ ಸಾಸೇಜ್) ಹಾಕಿದ ಪಲ್ಯ, ಪಲ್ಯ ಅನ್ನುವುದಕ್ಕಿಂತ ಗಟ್ಟಿ ಸಾರು. ನಮ್ಮ ಪಕ್ಕದ ಮನೆಯ ಅಜ್ಜಿ ಮಾಡುವಾಗ ನಿಂತು ನೋಡಿದ್ದೇನೆ. ಆಲೂಗಡ್ಡೆಯನ್ನು ಅವರು ಪೂರ್ತಿ ಕತ್ತರಿಸುವುದಿಲ್ಲ. ಚಾಕು ಅರ್ಧ ಇಳಿಸಿ ತಿರುಚುತ್ತಾರೆ, ಚಟ್ ಅಂತ ಮುರಿಯುತ್ತದೆ. ಮುರಿದ ಕಡೆಯಿಂದ ಗಂಜಿ ಜಾಸ್ತಿ ಬಿಟ್ಟು ಸಾರು ತಾನೇ ಮಂದವಾಗುತ್ತದೆ. ಒಣಗಿದ ಕೆಂಪು ಮೆಣಸಿನಕಾಯಿ ನೆನೆಸಿ ಅದರ ತಿರುಳು ಕೆರೆದು ಹಾಕುತ್ತಾರೆ. ನಮ್ಮ ಬ್ಯಾಡಗಿಯನ್ನೂ ಮೀರಿಸುವಂತೆ ಬರೀ ಬಣ್ಣ ಮತ್ತು ರುಚಿ, ಖಾರ ಇಲ್ಲವೇ ಇಲ್ಲ. ಇದರ ಜೊತೆ ಕ್ರಿಯಾನ್ಸಾ ಸಾಕು, ಅಂದರೆ 2 ವರ್ಷ ಇಟ್ಟು ಮಾಗಿಸಿದ ವೈನ್, ಅದರಲ್ಲಿ ಕನಿಷ್ಠ 1 ವರ್ಷ 225 ಲೀಟರಿನ ಓಕ್ ಪೀಪಾಯಿಯಲ್ಲಿ.

ಇನ್ನು ಕುರಿಮರಿಯ ಚಾಪ್ಸ್. ಚಳಿಗಾಲದಲ್ಲಿ ದ್ರಾಕ್ಷಿ ಬಳ್ಳಿ ಸವರುತ್ತಾರೆ. ಆ ಕಡ್ಡಿಗಳನ್ನು ಹೊರೆ ಕಟ್ಟಿ ಒಣಗಿಸಿಡುತ್ತಾರೆ. ಹಚ್ಚಿದರೆ ಭಗ್ ಅಂತ ಉರಿದು ಬೇಗ ಕೆಂಡವಾಗುತ್ತದೆ, ಆ ಕೆಂಡದ ಮೇಲೆ ಸಣ್ಣ ಸಣ್ಣ ಚಾಪ್ಸ್, ಉಪ್ಪು ಬಿಟ್ಟರೆ ಬೇರೇನೂ ಇಲ್ಲ, ಕೆಲವೇ ನಿಮಿಷ, ಆಮೇಲೆ ಎಲುಬು ಕೈಯಲ್ಲಿ ಹಿಡಿದು ತಿನ್ನುವುದು. ಬಳ್ಳಿಯ ಹೊಗೆ ಮಾಂಸದಲ್ಲಿ, ಅದೇ ಬಳ್ಳಿಯ ಹಣ್ಣು ಗ್ಲಾಸಿನಲ್ಲಿ. ಇದಕ್ಕೆ ರೆಸೆರ್ವಾ, ಅಂದರೆ 3 ವರ್ಷ ಮಾಗಿಸಿದ ವೈನ್ ಇದ್ದರೆ ಬಹಳ ಚೆನ್ನ.

ಇದು ಸುಮ್ನೆ ಪದ್ಧತಿ ಅಲ್ಲ. ಕೆಂಪು ವೈನಿನಲ್ಲಿ ಒಗರು ಇರುತ್ತದೆ, ನೇರಳೆ ಹಣ್ಣು ತಿಂದಾಗ ನಾಲಗೆ ಹಿಡಿಯುತ್ತದಲ್ಲ, ಹಾಗೆ. ಮಾಂಸದ ಕೊಬ್ಬು ಆ ಒಗರನ್ನು ಮೆತ್ತಗೆ ಮಾಡುತ್ತದೆ. ಖಾರ ಇದಕ್ಕೆ ತದ್ವಿರುದ್ಧ. ಒಗರು ಇನ್ನೂ ಎದ್ದು ಕಾಣುತ್ತದೆ, ಆಲ್ಕೋಹಾಲ್ ಗಂಟಲು ಸುಡುತ್ತದೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದು ಹೋಟೆಲಿನಲ್ಲಿ ಆಂಧ್ರ ಚಿಲ್ಲಿ ಚಿಕನ್ ಜೊತೆ ಇದೇ ವೈನ್ ಕೊಟ್ಟರು, ಅದೂ ಏಪ್ರಿಲ್ ತಿಂಗಳಲ್ಲಿ, ಶೆಲ್ಫ್ ಮೇಲಿಂದ ತೆಗೆದು ಬೆಚ್ಚಗೆ. ಜೊತೆಗಿದ್ದ ಸ್ನೇಹಿತ ಮೊದಲ ಸಲ ರುಚಿ ನೋಡುತ್ತಿದ್ದ. ಒಂದು ಗುಟುಕು ಕುಡಿದು ಪಕ್ಕಕ್ಕಿಟ್ಟ. ನನಗೆ ತುಂಬಾ ಬೇಜಾರಾಯಿತು, ಯಾಕೆಂದರೆ ಅದು ಒಳ್ಳೆಯ ವೈನೇ ಆಗಿತ್ತು.

ನಿಮ್ಮ ಬರಹದಲ್ಲೂ ‘ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು’ ಅಂತ ಇದೆ. ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲಿನ ಮನೆಗಳಲ್ಲಿ. ನಮ್ಮ ಬೇಸಿಗೆಯ ಕೋಣೆಗೆ ಅದು ಹೊಂದುವುದಿಲ್ಲ ಅಲ್ವಾ? 16ರಿಂದ 18 ಡಿಗ್ರಿ ಇರಬೇಕು. ತೆರೆಯುವ ಮೊದಲು ಒಂದರಿಂದ ಒಂದೂವರೆ ಗಂಟೆ ಫ್ರಿಜ್‌ನಲ್ಲಿಟ್ಟರೆ ಹೆಚ್ಚುಕಡಿಮೆ ಅಲ್ಲಿಗೆ ಬರುತ್ತದೆ. ದಯವಿಟ್ಟು ಮುಂದಿನ ಭಾನುವಾರ ಅದೊಂದು ಸಾಲನ್ನಾದರೂ ತಿದ್ದಿ ಹಾಕಿ.

– ನಿಮ್ಮ ಓದುಗ, ಮೈಸೂರು