ಮೇಷ್ಟ್ರಾಗೋಕೆ ಕಾಯಬೇಡ ಮಾರಾಯ

ಪ್ರೀತಿಯ ಗೆಳೆಯ,

ನಿನ್ನ ಉದ್ದನೆಯ ಮೆಸೇಜು ಓದಿದೆ. ಒಂದು ಕಡೆ ಲಂಡನ್ನಿನ ಪ್ರಿಂಟ್‌ಮೇಕಿಂಗ್ (ಪ್ಲೇಟು ಕೆತ್ತಿ ಕಾಗದಕ್ಕೆ ಚಿತ್ರ ಅಚ್ಚೊತ್ತುವ ಕಲೆ) ಕೋರ್ಸು, ಇನ್ನೊಂದು ಕಡೆ ಚಿಕ್ಕಮಗಳೂರಿನಲ್ಲೇ ಸಿಗುತ್ತಿರುವ ಡ್ರಾಯಿಂಗ್ ಮೇಷ್ಟ್ರ ಕೆಲಸ. "ಮೊದಲು ಕಲಾವಿದ ಆಗ್ತೀನಿ, ಮೇಷ್ಟ್ರಾಗೋದು ಕೊನೆಗೆ ಇದ್ದೇ ಇದೆಯಲ್ಲ" ಅಂತ ಬರೆದಿದ್ದೀಯ. ಅದಕ್ಕೆ ಹೆಸರಾಂತ ಪ್ರಿಂಟ್‌ಮೇಕರ್ ಕೃಷ್ಣಾ ರೆಡ್ಡಿಯವರನ್ನು ಬೇರೆ ಸಾಕ್ಷಿಗೆ ಕರೆದಿದ್ದೀಯ. ಅವರೂ ಹೊರದೇಶಕ್ಕೆ ಹೋಗಿ, ಹೆಸರು ಮಾಡಿ, ಆಮೇಲೆ ತಾನೇ ಕಲಿಸೋಕೆ ಕೂತರು ಅನ್ನುವುದು ನಿನ್ನ ವಾದ. ನನ್ನ ತಕರಾರು ಅಲ್ಲೇ ಇರೋದು. ನೀನು ಕರೆದ ಸಾಕ್ಷಿ ನಿನ್ನ ಪರ ಹೇಳುವುದಿಲ್ಲ.

ಅವರು ಹುಟ್ಟಿದ್ದು 1925ರಲ್ಲಿ, ಆಂಧ್ರದ ಚಿತ್ತೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ. ನಮ್ಮ ಕೋಲಾರದ ಗಡಿ ದಾಟಿದರೆ ಸಿಗುವ ಸೀಮೆ ಅದು. ಅವರ ತಂದೆ ಗುಡಿಗಳ ಗೋಡೆಗೆ ಚಿತ್ರ ಬರೆಯುತ್ತಿದ್ದವರು. ಹುಡುಗ ಚಿತ್ರ ಬರೆಯುತ್ತಾನೆ ಅಂದರೆ ಹೊಟ್ಟೆಪಾಡಿಗೆ ಏನು ಗತಿ ಅಂತ ಕೇಳುವ ಮನೆ ಅದಾಗಿರಲಿಲ್ಲ ಅನ್ನಿಸುತ್ತದೆ. ನಿನಗಿಂತ, ನನಗಿಂತ ಪುಣ್ಯವಂತರು ಬಿಡು. 1941ರಲ್ಲಿ ಶಾಂತಿನಿಕೇತನ ಸೇರಿದಾಗ ಅವರಿಗಿನ್ನೂ ಹದಿಹರೆಯ. ಅಲ್ಲಿ ನಂದಲಾಲ್ ಬೋಸ್ ಗುರುಗಳು. ಓದುತ್ತಿದ್ದ ಹೊತ್ತಿಗೇ ಕ್ವಿಟ್ ಇಂಡಿಯಾ ಚಳವಳಿ ಬಂತು, ಹಿಂದೆಯೇ 1943ರ ಬಂಗಾಳದ ಬರಗಾಲವೂ ಬಂತು. ಗಿಡ, ಮರ, ಮೀನು, ಹುಳಗಳನ್ನು ತಾಳ್ಮೆಯಿಂದ ನೋಡಿ ಬರೆಯುವ ಅಭ್ಯಾಸ ಶಾಂತಿನಿಕೇತನದ್ದು. ಮುಂದೆ ಪ್ಯಾರಿಸ್‌ನಲ್ಲಿ ಮಾಡಿದ ಪ್ರಿಂಟುಗಳಲ್ಲೂ ಅದೇ ಮೀನು, ಅದೇ ಹುಳ, ಅದೇ ಅಲೆ ಕಾಣುತ್ತವೆ.

ಈಗ ನೀನು ನೋಡದೆ ದಾಟಿ ಹೋದ ಭಾಗಕ್ಕೆ ಬರ್ತೀನಿ. ಶಾಂತಿನಿಕೇತನದಿಂದ ಹೊರಬಂದ ಮೇಲೆ, 1947ರಿಂದ 1949ರವರೆಗೆ, ಅವರು ಮದ್ರಾಸಿನ ಕಲಾಕ್ಷೇತ್ರದಲ್ಲಿ ಚಿತ್ರಕಲಾ ವಿಭಾಗ ನೋಡಿಕೊಂಡರು. ಅಂದರೆ ಇಪ್ಪತ್ತೆರಡರ ಹುಡುಗ ಆಗಲೇ ಮೇಷ್ಟ್ರು! ಲಂಡನ್ನೂ ನೋಡಿರಲಿಲ್ಲ, ಪ್ಯಾರಿಸ್ಸೂ ನೋಡಿರಲಿಲ್ಲ. ಅವರನ್ನು ಪ್ರಿಂಟ್‌ಮೇಕರ್ ಅಂತ ಯಾರೂ ಕರೆಯುವ ಹಾಗೂ ಇರಲಿಲ್ಲ. ಕಲಿಸುವುದು ಮೊದಲು ಬಂತು, ಹೊರದೇಶ ಆಮೇಲೆ ಬಂತು.

ಹೊರದೇಶದ ಓದಿನ ಪಟ್ಟಿ ನಿನಗೇ ಗೊತ್ತಿದೆ. 1951ರ ಹೊತ್ತಿಗೆ ಲಂಡನ್ನಿನ ಸ್ಲೇಡ್ ಸ್ಕೂಲು, ಆಮೇಲೆ ಪ್ಯಾರಿಸ್‌ನಲ್ಲಿ ಜ್ಯಾಡ್‌ಕಿನ್, ಮಿಲಾನ್‌ನಲ್ಲಿ ಮರೀನೊ ಮರೀನಿ. ಇಬ್ಬರೂ ಶಿಲ್ಪಿಗಳು. ಇದನ್ನು ಮನಸ್ಸಿನಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ. ನನಗೆ ನಿಜವಾಗಿ ಮುಖ್ಯ ಅನ್ನಿಸುವುದು ಪ್ಯಾರಿಸ್‌ನ ಅಟೆಲಿಯೇ 17. ಅದು ಕಾಲೇಜಲ್ಲ, ಒಂದು ವರ್ಕ್‌ಶಾಪು. ಸ್ಟ್ಯಾನ್ಲಿ ವಿಲಿಯಂ ಹೇಟರ್ ಎಂಬ ಇಂಗ್ಲಿಷಿನವನು 1927ರಲ್ಲಿ ಶುರು ಮಾಡಿದ್ದು. ಆತ ಓದಿದ್ದು ರಸಾಯನಶಾಸ್ತ್ರ ಮತ್ತು ಭೂವಿಜ್ಞಾನ, ಕೆಲಸ ಮಾಡಿದ್ದು ಇರಾನಿನಲ್ಲಿ, ಒಂದು ತೈಲ ಕಂಪನಿಗೆ. ಪಿಕಾಸೊ, ಮಿರೋ ಅವರಂಥವರೂ ಬಂದು ಕೆಲಸ ಮಾಡಿದ ಜಾಗ. ಹೊಸಬ, ಹಳಬ ಅನ್ನದೆ ಎಲ್ಲರದೂ ಅದೇ ಪ್ರೆಸ್ಸು, ಅದೇ ಮೇಜು. ಒಬ್ಬನ ಪ್ಲೇಟಿನ ಮೇಲೆ ಏನಾದರೂ ವಿಚಿತ್ರ ಆದರೆ ಪಕ್ಕದವರೂ ಬಂದು ಬಗ್ಗಿ ನೋಡುವ ಜಾಗ.

ವಿಸ್ಕಾಸಿಟಿ ಪ್ರಿಂಟಿಂಗ್, ಅಂದರೆ ಇಂಕು ಎಷ್ಟು ಮಂದ, ಎಷ್ಟು ತೆಳು ಅನ್ನುವುದರಿಂದಲೇ ಬಣ್ಣಗಳನ್ನು ಬೇರೆ ನಿಲ್ಲಿಸುವ ವಿಧಾನ, ಹುಟ್ಟಿದ್ದು ಹಾಗೆ ಬಗ್ಗಿ ನೋಡುತ್ತಲೇ. ರೆಡ್ಡಿಯವರ ಜೊತೆಗೆ ಮುಂಬೈ ಕಡೆಯ ಕೈಕೊ ಮೋತಿ ಇದ್ದರು, ಹೇಟರ್ ಅಂತೂ ಇದ್ದೇ ಇದ್ದರು. ಅದಕ್ಕೂ ಮೊದಲು ಬಣ್ಣದ ಎಚಿಂಗ್ (ಆಸಿಡ್‌ನಿಂದ ಕೊರೆದ ಲೋಹದ ಪ್ಲೇಟಿನ ಅಚ್ಚು) ಅಂದರೆ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ ಒಂದೊಂದು ಪ್ಲೇಟು. ಇವರು ಎಲ್ಲ ಬಣ್ಣವನ್ನೂ ಒಂದೇ ಪ್ಲೇಟಿನ ಮೇಲೆ ಹಾಕಿ, ಒಂದೇ ಸಲ ಪ್ರೆಸ್ಸಿನಲ್ಲಿ ಎಳೆದರು.

ನಮ್ಮ ಭಾನುವಾರದ ಕ್ಲಾಸಿನ ಮಕ್ಕಳಿಗೆ ನಾನು ಇದನ್ನು ಹೇಳೋದು ದೋಸೆ ಕಾವಲಿ ಇಟ್ಟುಕೊಂಡು. ಕಾವಲಿಗೆ ಎಣ್ಣೆ ಜಾಸ್ತಿ ಆಗಿದ್ದರೆ ಹಿಟ್ಟು ಹಿಡಿಯುತ್ತದಾ? ಸೌಟಿನ ಜೊತೆಗೇ ಎದ್ದು ಬರುತ್ತದೆ. ಇಲ್ಲೂ ಅಷ್ಟೇ. ಮೊದಲು ಪ್ಲೇಟಿನ ಗೀರುಗಳಿಗೆ ಇಂಕು ತುಂಬಿ, ಮೇಲೆ ಉಳಿದದ್ದನ್ನು ಒರೆಸಬೇಕು. ಆಮೇಲೆ ಅಗಸೆ ಎಣ್ಣೆ ಜಾಸ್ತಿ ಬೆರೆಸಿದ ತೆಳು ಇಂಕನ್ನು ಗಟ್ಟಿ ರೋಲರಿನಲ್ಲಿ ಉರುಳಿಸಬೇಕು. ಗಟ್ಟಿ ರೋಲರು ಬಗ್ಗೋದಿಲ್ಲ, ಮೇಲ್ಮೈಯನ್ನು ಮಾತ್ರ ಮುಟ್ಟುತ್ತದೆ. ಅದರ ಮೇಲೆ ಎಣ್ಣೆ ಕಡಿಮೆ ಇರುವ ಗಟ್ಟಿ ಇಂಕನ್ನು ಮೆತ್ತನೆ ರೋಲರಿನಲ್ಲಿ ಒತ್ತಿ ಉರುಳಿಸಬೇಕು. ಅದು ಹಳ್ಳಕ್ಕೂ ಇಳಿಯುತ್ತದೆ. ಆದರೆ ಮೇಲೆ ಆಗಲೇ ಎಣ್ಣೆ ಇಂಕು ಕೂತಿದೆಯಲ್ಲ, ಅಲ್ಲಿ ಈ ಗಟ್ಟಿ ಇಂಕು ಹಿಡಿಯೋದಿಲ್ಲ. ಹೀಗೆ ಬಣ್ಣಗಳು ತಮ್ಮ ತಮ್ಮ ಮಟ್ಟದಲ್ಲಿ ನಿಲ್ಲುತ್ತವೆ. ಎರಡು ಇಂಕಿನ ಮಂದ ಒಂದೇ ಆಯಿತೋ, ಕಲಸಿಹೋಗುತ್ತವೆ.

ಈ ಮಟ್ಟ ಅನ್ನೋದು ಶಿಲ್ಪಿಗೆ ಹೊಳೆಯುವ ವಿಷಯ. ಮೇಲಿನ ಪದರ, ನಡುವಿನ ಪದರ, ತಳ. ರೆಡ್ಡಿಯವರು ತಾಮ್ರ, ಸತುವಿನ ಹಾಳೆಯನ್ನು ಬ್ಯೂರಿನ್ (ಲೋಹ ಕೊರೆಯುವ ಸಣ್ಣ ಉಳಿ), ಸ್ಕ್ರೇಪರ್ ಹಿಡಿದು ಕಲ್ಲಿನ ಹಾಗೆಯೇ ಕೆತ್ತುತ್ತಿದ್ದರು. 1963ರ 'ವರ್ಲ್‌ಪೂಲ್' ನೋಡು. ನೀರಿನ ಸುಳಿ ಒಳಗೆ ಒಳಗೆ ಇಳಿಯುತ್ತಾ ಹೋಗುತ್ತದೆ. ಆ ಇಳಿತ ಪ್ಲೇಟಿನಲ್ಲೇ ಇದೆ, ಬಣ್ಣ ಅದನ್ನು ಹಿಂಬಾಲಿಸುತ್ತದೆ. ಅವರ ಕೋಡಂಗಿ ಸರಣಿಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಈ ನೀರಿನ ಪ್ರಿಂಟುಗಳೇ ಹೆಚ್ಚು. 1968ರಲ್ಲಿ ಪ್ಯಾರಿಸ್‌ನ ವಿದ್ಯಾರ್ಥಿಗಳು ಬೀದಿಗಿಳಿದಾಗ ಮಾಡಿದ 'ಡೆಮಾನ್‌ಸ್ಟ್ರೇಟರ್ಸ್' ಕೂಡ ಇಷ್ಟ. ಅದನ್ನು ಕಂಚಿನಲ್ಲೂ ಮಾಡಿದರು, ಪ್ರಿಂಟಿನಲ್ಲೂ ಮಾಡಿದರು.

ಅಟೆಲಿಯೇಗೆ ಕಲಿಯಲು ಬಂದ ರೆಡ್ಡಿಯವರು 1960ರ ದಶಕದಲ್ಲಿ ಹೇಟರ್ ಜೊತೆ ಅದರ ಸಹ ನಿರ್ದೇಶಕರಾದರು. ಕಲಿಯುವ ಮೇಜಿಗೂ ಕಲಿಸುವ ಮೇಜಿಗೂ ನಡುವೆ ಗೋಡೆಯೇ ಇರಲಿಲ್ಲ. 1976ರಲ್ಲಿ ನ್ಯೂಯಾರ್ಕಿಗೆ ಹೋಗಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಿಂಟ್ ವಿಭಾಗ ನೋಡಿಕೊಂಡರು. 2018ರಲ್ಲಿ ತೀರಿಕೊಂಡರು, 93 ವರ್ಷ ತುಂಬಿತ್ತು. ಇಷ್ಟರಲ್ಲಿ 'ಇನ್ನು ಸಾಕು, ಮೇಷ್ಟ್ರಾಗೋಣ' ಅಂತ ಅವರು ಕೂತದ್ದು ಯಾವಾಗ ಹೇಳು? ನನಗಂತೂ ಹುಡುಕಿದರೂ ಸಿಗಲಿಲ್ಲ.

ಇದೆಲ್ಲ ಪ್ಯಾರಿಸ್ ಮಾತಾಯಿತು ಅನ್ನಬೇಡ. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿಗೆ ನೀನು ಇನ್ನೂ ಬಂದಿಲ್ಲ, ಬೇಲೂರು ಹಳೇಬೀಡಿನಲ್ಲೇ ನಿನ್ನ ಸ್ಕೆಚ್‌ಬುಕ್ ಮುಗಿಯುತ್ತದೆ. ಅಲ್ಲಿನ ಲಕ್ಷ್ಮೀನರಸಿಂಹ ಗುಡಿ 1246ರದ್ದು. ಬೈಚೋಜ, ಮಲ್ಲಿತಮ್ಮ ಎಂಬ ಇಬ್ಬರು ಶಿಲ್ಪಿಗಳೂ ಅಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ದಕ್ಷಿಣದ ಗೋಡೆಯ ಶಿಲ್ಪ ಒಬ್ಬನದು, ಉತ್ತರದ್ದು ಇನ್ನೊಬ್ಬನದು ಅನ್ನುತ್ತಾರೆ. ಅವರ ಕೈಕೆಳಗೆ ಎಷ್ಟು ಹುಡುಗರು ಉಳಿ ಹಿಡಿಯಲು ಕಲಿತರೋ ಯಾರಿಗೆ ಗೊತ್ತು. ಅಂಥ ಕೆಲಸದಲ್ಲಿ ಮಾಡುವವನು ಬೇರೆ, ಕಲಿಸುವವನು ಬೇರೆ ಅಂತ ಇರೋಕೆ ಸಾಧ್ಯವಾ?

ಇನ್ನು ನನ್ನ ಅಂಗಡಿ ಸುದ್ದಿ. ಕಾಟೀಹಳ್ಳಿ ಕಡೆಯ ಲೇತ್‌ನವರ ಕೈಲಿ ಮಾಡಿಸಿದ ಪ್ರೆಸ್ಸು ಇನ್ನೂ ಓಡುತ್ತಿದೆ. ಗಟ್ಟಿ ರೋಲರಿಗೆ ತೊಂದರೆಯಿಲ್ಲ, ಆಫ್‌ಸೆಟ್ ಪ್ರೆಸ್ಸಿನವರು ಹಳೇದು ಕೊಟ್ಟರು. ಮೆತ್ತನೆ ರೋಲರು ಮಾತ್ರ ತಲೆನೋವು. ಈ ಸಲ ಡಿಸೆಂಬರಿನಲ್ಲಿ ಎರಡು ಬಣ್ಣ ಸರಿಯಾಗಿ ಬೇರೆ ನಿಂತವು. ಏಪ್ರಿಲಿನಲ್ಲಿ ಅದೇ ಅಳತೆಯ ಎಣ್ಣೆ ಹಾಕಿದರೆ ಎಲ್ಲ ಕಲಸಿ ಕೆಸರು. ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ, "ಸಾರ್, ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿ ಆಗಲ್ವಾ, ಇಂಕೂ ಹಂಗೇ ಇರಬೇಕು" ಅಂದಳು. ಅವಳು ಹೇಳಿದ್ದು ಸರಿ. ಅಗಸೆ ಎಣ್ಣೆ ಹೆಪ್ಪುಗಟ್ಟದಿದ್ದರೂ ಇಂಕು ಸೆಕೆಗೆ ತೆಳುವಾಗುತ್ತದೆ, ಹಾಸನದ ಚಳಿಗೆ ಮಂದವಾಗುತ್ತದೆ. ಈಗ ಅವಳೇ ಒಂದು ನೋಟ್‌ಬುಕ್ಕಿನಲ್ಲಿ ಯಾವ ತಿಂಗಳು ಎಷ್ಟು ಎಣ್ಣೆ ಅಂತ ಬರೆದಿಡುತ್ತಿದ್ದಾಳೆ. ಮುಂದಿನ ವರ್ಷ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಕಟ್ಟುತ್ತಾಳಂತೆ. ಆ ಪರೀಕ್ಷೆಯಲ್ಲಿ ಇದನ್ನೆಲ್ಲ ಕೇಳೋದಿಲ್ಲ, ಅದು ಬೇರೆ ಮಾತು.

ಹೋಗಬೇಡ ಅಂತ ನಾನು ಹೇಳ್ತಾ ಇಲ್ಲ. ಹೋಗು. ದುಡ್ಡು ಹೊಂದುವುದಾದರೆ ಖಂಡಿತ ಹೋಗು. ಆದರೆ ಕಾಲೇಜಿನ ಹೆಸರು ನೋಡಿ ಹೋಗಬೇಡ. ಒಂದು ವರ್ಷದ ಕೋರ್ಸಿನಲ್ಲಿ ಉಪನ್ಯಾಸ ಎಷ್ಟು, ಪ್ರೆಸ್ಸಿನ ಮುಂದೆ ನಿಲ್ಲೋದು ಎಷ್ಟು ಅಂತ ಕೇಳು. ಪ್ರಿಂಟ್ ರೂಮು ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಪಕ್ಕದಲ್ಲಿ ಮೇಷ್ಟ್ರುಗಳೂ ತಮ್ಮ ಕೆಲಸ ಮಾಡ್ತಾರಾ ಅಂತಲೂ ಕೇಳು. ಬರೀ ಚರ್ಚೆ, ಪ್ರಬಂಧ ಅಂತಾದರೆ ಅಷ್ಟು ಸಾಲ ಮಾಡಿ ಯಾಕೆ ಹೋಗಬೇಕು?

ಮತ್ತೆ, ವೀಸಾ ಬರುವವರೆಗೆ ಸುಮ್ನೆ ಕೂರಬೇಡ. ಆ ಶಾಲೆಯ ಕೆಲಸ ಹಿಡಿ. ಕಾಯಂ ಅಲ್ಲದಿದ್ದರೆ ಏನಂತೆ. ಲಿನೋ (ಅಚ್ಚು ಕೆತ್ತುವ ಮೆತ್ತನೆ ಹಾಳೆ) ಸಿಗದಿದ್ದರೆ ಮಕ್ಕಳಿಗೆ ಆಲೂಗಡ್ಡೆ, ಬೆಂಡೆಕಾಯಿಯಲ್ಲೇ ಅಚ್ಚು ಹಾಕಿಸು. ನಿಮ್ಮ ಮಾವ "ಡ್ರಾಯಿಂಗ್ ಮೇಷ್ಟ್ರಿಗೆ ಯಾರು ಹೆಣ್ಣು ಕೊಡ್ತಾರೆ" ಅಂತ ಶುರು ಮಾಡಿದರೆ ಅವರಿಗೆ ನನ್ನ ನಂಬರ್ ಕೊಡು, ನಾನು ಮಾತಾಡ್ತೀನಿ.

ಆ ಕೋರ್ಸಿನ ಕಾಗದಪತ್ರ ಕಳಿಸು, ಕೂತು ಓದೋಣ. ಬರುವಾಗ ಬೆಂಗಳೂರಿನಿಂದ ತರಿಸಿದ್ದೀನಿ ಅಂದ ಆ ಮೆತ್ತನೆ ರೋಲರ್ ತಗೊಂಡು ಬಾ. ಹುಡುಗಿ ಕೇಳ್ತಾನೇ ಇದ್ದಾಳೆ.

ನಿನ್ನ,
ಹಾಸನದ ಗೆಳೆಯ